ಕ್ವಾಂಟಂ ಮೆಕ್ಯಾನಿಕ್ಸ್ ಓದಲು ಮೈಂಡ್ ಮ್ಯಾಪ್: ಅನಿಶ್ಚಿತತಾ ತತ್ವ ಯಾವ ಕೊಂಬೆಗೆ ಸೇರಬೇಕು?

ಪ್ರಶ್ನೆ (ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿರಸಿ):
ಕ್ವಾಂಟಂ ಮೆಕ್ಯಾನಿಕ್ಸ್ ಪಠ್ಯವನ್ನೆಲ್ಲ ಒಂದೇ ಹಾಳೆಯ ಮೈಂಡ್ ಮ್ಯಾಪಿಗೆ ಇಳಿಸಿದ್ದೇನೆ. ನಡುವೆ ‘ಕ್ವಾಂಟಂ’ ಎಂದು ಬರೆದು, ಸುತ್ತ ಕಪ್ಪುಕಾಯ ವಿಕಿರಣ, ದ್ಯುತಿವಿದ್ಯುತ್ ಪರಿಣಾಮ, ಕಾಂಪ್ಟನ್ ಪರಿಣಾಮ, ಡಿ ಬ್ರಾಗ್ಲಿ ತರಂಗ, ಶ್ರೋಡಿಂಗರ್ ಸಮೀಕರಣ, ಟನಲಿಂಗ್ (ಶಕ್ತಿ ಸಾಲದಿದ್ದರೂ ಕಣ ತಡೆಯನ್ನು ದಾಟುವುದು) ಎಂಬ ಕೊಂಬೆಗಳನ್ನು ಎಳೆದಿದ್ದೇನೆ. ಕಣದ ಸ್ಥಾನ, ಸಂವೇಗ ಎರಡೂ ಒಟ್ಟಿಗೆ ನಿಖರವಾಗಿರಲಾರವು ಎನ್ನುವ ಅನಿಶ್ಚಿತತಾ ತತ್ವ ಮಾತ್ರ ಎಲ್ಲಿಯೂ ಸರಿಯಾಗಿ ಕೂರುತ್ತಿಲ್ಲ. ಅದು ಡಿ ಬ್ರಾಗ್ಲಿಯ ಕೆಳಗೆ ಬರಬೇಕೋ, ‘ಮಾಪನ’ ಎಂಬ ಬೇರೆ ಕೊಂಬೆಗೋ? ನಕ್ಷೆ ನೋಡಿದರೆ ಹೆಸರುಗಳೆಲ್ಲ ನೆನಪಾಗುತ್ತವೆ. ಒಂದರಿಂದ ಇನ್ನೊಂದು ಹೇಗೆ ಬರುತ್ತದೆ ಎಂದು ಕೇಳಿದರೆ ಹೇಳಲಾಗುವುದಿಲ್ಲ.

ಉತ್ತರ 1 (ಭೌತಶಾಸ್ತ್ರ ಉಪನ್ಯಾಸಕ, ಕಾರವಾರ):
ನಿಮ್ಮ ಕೊಂಬೆಗಳು ಇತಿಹಾಸದ ಕ್ರಮದಲ್ಲಿವೆ: 1900ರ ಪ್ಲಾಂಕ್, 1905ರ ಐನ್‌ಸ್ಟೈನ್, 1923ರ ಕಾಂಪ್ಟನ್, 1924ರ ಡಿ ಬ್ರಾಗ್ಲಿ. ಪಠ್ಯಪುಸ್ತಕಕ್ಕೆ ಅದು ಅನುಕೂಲವೇ ಹೊರತು, ತರ್ಕದ ಕ್ರಮ ಅದಲ್ಲ. ನಡುವೆ ತರಂಗ ಫಲನವನ್ನು, ಅಂದರೆ ಕಣದ ಸ್ಥಿತಿಯನ್ನು ವಿವರಿಸುವ ಗಣಿತದ ಫಲನವನ್ನು, ಇಟ್ಟು ನೋಡಿ. ಅದು ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಶ್ರೋಡಿಂಗರ್ ಸಮೀಕರಣವೂ, ಅದರಿಂದ ಸಂಭಾವ್ಯತೆಯನ್ನು ಪಡೆಯುವುದು ಹೇಗೆ ಎಂಬುದನ್ನು ಮ್ಯಾಕ್ಸ್ ಬಾರ್ನ್‌ನ ನಿಯಮವೂ ಹೇಳುತ್ತವೆ, ಎರಡೂ 1926ರವು.

ಅದಕ್ಕಿಂತ ಮುಖ್ಯವಾದದ್ದು, ಪ್ರತಿ ಗೆರೆಯ ಮೇಲೂ ಒಂದು ವಾಕ್ಯ ಇರಬೇಕು. ಪೆಟ್ಟಿಗೆಯೊಳಗಿನ ಕಣದ ಶಕ್ತಿಮಟ್ಟಗಳು ಶ್ರೋಡಿಂಗರ್ ಸಮೀಕರಣವೊಂದರಿಂದಲೇ ಬಿಡಿಬಿಡಿಯಾಗುವುದಿಲ್ಲ; ‘ಗೋಡೆಗಳಲ್ಲಿ ತರಂಗ ಫಲನ ಸೊನ್ನೆಯಾಗಬೇಕು’ ಎಂಬ ನಿಬಂಧನೆ ಸೇರಿದಾಗಲೇ ಶಕ್ತಿಯು ಪೂರ್ಣಾಂಕದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಆ ನಿಬಂಧನೆಯನ್ನು ಗೆರೆಯ ಮೇಲೆ ಬರೆಯಲಾಗದಿದ್ದರೆ ಆ ಗೆರೆ ಬರೀ ಅಲಂಕಾರ.

ಅನಿಶ್ಚಿತತಾ ತತ್ವವನ್ನು ತರಂಗಕ್ಕೇ ಸೇರಿಸಿ. ಸ್ಥಾನದಲ್ಲಿ ಕಿರಿದಾದ ತರಂಗಗುಚ್ಛವನ್ನು ಕಟ್ಟಲು ಬೇರೆ ಬೇರೆ ತರಂಗದೂರಗಳ ಅನೇಕ ತರಂಗಗಳು ಬೇಕಾಗುತ್ತವೆ, ತರಂಗದೂರವೇ ಸಂವೇಗವನ್ನು ನಿರ್ಧರಿಸುವುದರಿಂದ ಸಂವೇಗದ ಹರವು ತಾನಾಗಿ ಹೆಚ್ಚುತ್ತದೆ. ಹೈಸೆನ್‌ಬರ್ಗ್ 1927ರಲ್ಲಿ ಗಾಮಾ ಕಿರಣದ ಸೂಕ್ಷ್ಮದರ್ಶಕವನ್ನು ಕಲ್ಪಿಸಿ ವಿವರಿಸಿದ್ದರಿಂದ, ಅಳೆಯುವಾಗ ಕಣ ಅಲುಗುವುದೇ ಕಾರಣವೆಂಬ ಭಾವನೆ ಇಂದಿಗೂ ತರಗತಿಗಳಲ್ಲಿ ಉಳಿದಿದೆ. ಆದರೆ ಅದೇ ವರ್ಷ ಭೌತವಿಜ್ಞಾನಿ ಕೆನ್ನಾರ್ಡ್ ಈ ಎರಡು ಹರವುಗಳ ಬಗ್ಗೆ ಸಾಧಿಸಿದ ಅಸಮತೆ ತರಂಗ ಫಲನದ ಗುಣದಿಂದಲೇ ಬರುತ್ತದೆ.

ಉತ್ತರ 2 (ಎಂ.ಎಸ್‌ಸಿ. ವಿದ್ಯಾರ್ಥಿ, ಕುಮಟಾ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಗೆರೆಗಳ ಮೇಲೆ ವಾಕ್ಯದ ಜೊತೆಗೆ ಸಂಖ್ಯೆಯೂ ಇರಲಿ. ಸೋಡಿಯಂನಿಂದ ಎಲೆಕ್ಟ್ರಾನ್ ಹೊರಬರಲು ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ ಬೇಕು. 700 ನ್ಯಾನೋಮೀಟರಿನ ಕೆಂಪು ಬೆಳಕಿನ ಫೋಟಾನಿನಲ್ಲಿರುವುದು ಸುಮಾರು 1.8. ಬೆಳಕು ಎಷ್ಟೇ ಪ್ರಖರವಾದರೂ ಎಲೆಕ್ಟ್ರಾನ್ ಏಕೆ ಹೊರಡದು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಟನಲಿಂಗಿಗೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಸಿಗುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಇಂಧನವಾಗುವ ನೈಸರ್ಗಿಕ ಯುರೇನಿಯಂನ ಶೇಕಡಾ 99ಕ್ಕೂ ಹೆಚ್ಚು ಭಾಗ ಯುರೇನಿಯಂ-238. ಅದರ ಬೀಜಕೇಂದ್ರದಿಂದ ಟನಲಿಂಗ್ ಮೂಲಕ ಹೊಮ್ಮುವ ಆಲ್ಫಾ ಕಣದ ಶಕ್ತಿ ಸುಮಾರು 4.2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅರ್ಧಾಯು ಸುಮಾರು 450 ಕೋಟಿ ವರ್ಷ. ಪೊಲೋನಿಯಂ-212ರಲ್ಲಿ ಆ ಶಕ್ತಿ ಸುಮಾರು 8.8, ಅರ್ಧಾಯು ಸೆಕೆಂಡಿನ ಹತ್ತು ಲಕ್ಷದ ಒಂದಂಶಕ್ಕಿಂತಲೂ ಕಡಿಮೆ! ತಡೆಯನ್ನು ದಾಟುವ ಸಂಭಾವ್ಯತೆ ಶಕ್ತಿಯೊಂದಿಗೆ ಘಾತೀಯವಾಗಿ ಬದಲಾಗುವುದೇ ಇದಕ್ಕೆ ಕಾರಣವೆಂದು ಗ್ಯಾಮೊ 1928ರಲ್ಲಿ ತೋರಿಸಿದರು. ‘ಘಾತೀಯವಾಗಿ’ ಎಂಬ ಪದವನ್ನು ಗೆರೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

ನಕ್ಷೆಯನ್ನು ಪುಸ್ತಕ ಮುಚ್ಚಿಟ್ಟು ಬರೆಯಬೇಕು, ಆಮೇಲೆ ತಾಳೆ ನೋಡಬೇಕು. ಆ್ಯಪ್ ಬೇಡ, ಈ ಮಳೆಯಲ್ಲಿ ಕರೆಂಟನ್ನು ನಂಬುವ ಹಾಗೂ ಇಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಸ್ಪಿನ್ (ಕಣಕ್ಕೆ ಸಹಜವಾಗಿಯೇ ಇರುವ ಕೋನೀಯ ಸಂವೇಗ) ಎಲ್ಲಿಗೆ ಸೇರುತ್ತದೆ?

ಉತ್ತರ 1ರವರು:
ಅದಕ್ಕೆ ಬೇರೆ ಹಾಳೆ ತೆಗೆದುಕೊಳ್ಳಿ. ಬೆಳ್ಳಿಯ ಪರಮಾಣುಗಳ ಪುಂಜ ಎರಡಾಗಿ ಸೀಳಿದ 1922ರ ಸ್ಟರ್ನ್–ಗರ್ಲಾಕ್ ಪ್ರಯೋಗದಿಂದ ಆರಂಭಿಸಿ. ಸ್ಥಾನವನ್ನಷ್ಟೇ ಅವಲಂಬಿಸಿದ ತರಂಗ ಫಲನದಲ್ಲಿ ಸ್ಪಿನ್ನಿಗೆ ಜಾಗವಿಲ್ಲ. ಎರಡು ಹಾಳೆಗಳಿಗೂ ಸಾಮಾನ್ಯವಾದ ಬಾರ್ನ್ ನಿಯಮವನ್ನು ಎರಡರಲ್ಲೂ ಒಂದೇ ಬಣ್ಣದಲ್ಲಿ ಬರೆದರೆ ಸಾಕು.