ಸಹಾಯ ಬೇಕು: ವೀಗನ್ ಅಡುಗೆಮನೆಗೆ ಏನೇನು ತಂದಿಡಲಿ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವಿಬ್ಬರು, ಇಬ್ಬರೂ ವೀಗನ್, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಈಗ ಸಾಮಾನು ಒಂದು ವಾರ ಸಿಕ್ಕರೆ ಇನ್ನೊಂದು ವಾರ ಇಲ್ಲ. ಒಂದು ತಿಂಗಳಿಗಾಗುವಷ್ಟು ತಂದಿಡಬೇಕು. ಸುಮ್ನೆ ಗಾಬರಿಯಿಂದ ರಾಶಿ ಹಾಕುವುದು ಬೇಡ.

ಅಕ್ಕಿ, ಬೇಳೆ, ಕಾಳುಗಳ ಚಿಂತೆಯಿಲ್ಲ. ಕಳೆದ ಸಲ ಪಾಲಿಶ್ ಮಾಡದ ಅಕ್ಕಿ ಜಾಸ್ತಿ ತಂದು ಪೆಚ್ಚಾದೆ. ಅದರ ತೌಡಿನಲ್ಲಿ ಎಣ್ಣೆಯಂಶ ಇರುತ್ತದಲ್ವಾ, ಕಮಟು ವಾಸನೆ ಬಂತು. ಈ ಸಲ ಬಿಳಿ ಅಕ್ಕಿಯೇ. ಕಾಳು ತೀರಾ ಹಳೆಯದಾದರೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಆ ಪಾಠವೂ ಆಯಿತು.

ಗಿಡಮೂಲದ ಊಟದಲ್ಲಿ ವಿಟಮಿನ್ ಬಿ12 ನೆಚ್ಚುವಷ್ಟು ಸಿಗುವುದಿಲ್ಲ. ಹಾಗಾಗಿ ಮೊದಲು ಮಾತ್ರೆ ತಂದಿಟ್ಟೆ.

ಗೊತ್ತಾಗದಿರುವುದು ಇಷ್ಟು: ಅಗಸೆ, ಬಾದಾಮಿ ಫ್ರಿಜ್ ಇಲ್ಲದೆ ಎಷ್ಟು ದಿನ ತಡೆಯುತ್ತವೆ? ಸೋಯಾ ಹಾಲು ಸಿಗದಿದ್ದಾಗ ನೀವೇನು ಮಾಡುತ್ತೀರಿ?