ಸಹಾಯ ಬೇಕು: ಕಾರವಾಜ್ಜೋನ ಸಂತ ಪೇತ್ರನ ಚಿತ್ರದ ಬಗ್ಗೆ

ಎಲ್ಲರಿಗೂ ನಮಸ್ಕಾರ. ರೋಮ್‌ನ ಸಾಂತಾ ಮರಿಯಾ ದೆಲ್ ಪೋಪೊಲೊ ಚರ್ಚ್‌ನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1601ರ ಸುಮಾರಿಗೆ ಬಿಡಿಸಿದ ಚಿತ್ರವೊಂದಿದೆ; ಯೇಸುವಿನ ಶಿಷ್ಯ ಸಂತ ಪೇತ್ರನನ್ನು ಶಿಲುಬೆಗೇರಿಸುವ ದೃಶ್ಯ ಅದು. ಅದರ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ.

ಯೇಸುವಿನಂತೆ ಸಾಯುವ ಯೋಗ್ಯತೆ ತನಗಿಲ್ಲ, ತಲೆಕೆಳಗಾಗಿ ಶಿಲುಬೆಗೇರಿಸಿ ಎಂದು ಸಂತ ಪೇತ್ರ ಕೇಳಿಕೊಂಡ ಎನ್ನುತ್ತದೆ ಹಳೆಯ ಕಥೆ. ಚಿತ್ರದಲ್ಲಿ ದೇವದೂತರಿಲ್ಲ, ಬರೀ ಕತ್ತಲೆ. ಮೂವರು ಕೂಲಿಗಳು ಏದುಸಿರು ಬಿಡುತ್ತಾ ಶಿಲುಬೆ ಎತ್ತುತ್ತಿದ್ದಾರೆ. ಒಬ್ಬನಂತೂ ಅದರಡಿ ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಿದ್ದಾನೆ, ಅವನ ಅಂಗಾಲಿನ ಕೊಳೆ ನಮ್ಮ ಕಡೆಗೇ ಕಾಣುತ್ತದೆ. ಮುದುಕ ಪೇತ್ರ ತಲೆ ಎತ್ತಿ ಮೊಳೆ ಹೊಡೆದ ಕೈಯತ್ತ ನೋಡುತ್ತಿದ್ದಾನೆ. ನನಗೆ ಅಲ್ಲೇ ಗಂಟಲು ಕಟ್ಟುತ್ತದೆ.

ಚಿತ್ರ ಇರುವುದು ಚರ್ಚ್‌ನೊಳಗಿನ ಒಂದು ಚಾಪೆಲ್‌ನ (ಚಿಕ್ಕ ಪ್ರಾರ್ಥನಾ ಸ್ಥಳದ) ಪಕ್ಕದ ಗೋಡೆಯಲ್ಲಿ. ನೇರ ಎದುರಿಗೆ ನಿಂತು ನೋಡುವುದು ಕಷ್ಟ. ಅಲ್ಲಿ ನಿಂತು ನೋಡಿದವರು ಯಾರಾದರೂ ಇದ್ದೀರಾ? ಓರೆಯಾಗಿ ನೋಡಿದಾಗ ಹೇಗೆ ಕಾಣುತ್ತದೆ, ದಯವಿಟ್ಟು ಬರೆಯಿರಿ.

ಇನ್ನೊಂದು ಮಾತು. ಪೇತ್ರನಂತೆ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಇಂಗ್ಲಿಷಿನಲ್ಲಿ ‘ಮಾರ್ಟರ್’ ಎನ್ನುತ್ತಾರೆ. ಅದಕ್ಕೆ ‘ಹುತಾತ್ಮ’ ಎಂದರೆ ಸೈನಿಕರ ನೆನಪೇ ಜಾಸ್ತಿ ಬರುತ್ತದೆ, ಅಲ್ವಾ? ಮೂಲ ಗ್ರೀಕ್ ಪದದ ಅರ್ಥ ‘ಸಾಕ್ಷಿ’. ‘ರಕ್ತಸಾಕ್ಷಿ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದಾ? ನಿಮ್ಮ ಚರ್ಚ್‌ಗಳಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸಿ.