ಶಿಲ್ಪಾ, ಆ ಕ್ಯಾಸೆಟ್ ಸದ್ಯ ಹಚ್ಚಬ್ಯಾಡವ್ವಾ

ಹಾಂ ಶಿಲ್ಪಾ, ನಿನ್ನ ಮೆಸೇಜ್ ಈಗ ನೋಡ್ದೆ. ಮುತ್ಯಾನ ಟ್ರಂಕಿನ್ಯಾಗ ಕ್ಯಾಸೆಟ್ ಸಿಕ್ಕಾವ, ಟೇಪಿನ ಮ್ಯಾಲ ಬೆಳ್ಳಗ ಫಂಗಸ್ ಕುಂತದ, ಹಚ್ಚಿದ್ರ ಹಾಳಾಗ್ತಾವೇನು ಕಾಕಾ ಅಂತ ಕೇಳೀದಿ. ಆಗ್ತಾವ. ಹಚ್ಚಬ್ಯಾಡ. ಯಾರದರೆ ಮನ್ಯಾಗ ಟೇಪ್ ರೆಕಾರ್ಡರ್ ಸಿಕ್ತು ಅಂತ ಖುಷಿಗಿ ಪ್ಲೇ ಒತ್ತಬ್ಯಾಡ, ಅಂಗಡಿಗೂ ಒಯ್ಯಬ್ಯಾಡ. ಮತ್ತ ನಮ್ಮ ಗ್ರೂಪಿನ್ಯಾಗ ಬೀದರದ ತಮ್ಮ ಬಿಸಲಿಗಿ ಇಡು ಅಂತ ಬರ್ದಾನ, ಅದೂ ಬ್ಯಾಡಪಾ. ನಮ್ಮ ಕಲಬುರಗಿ ಮೇ ತಿಂಗಳ ಬಿಸಲು 42–43 ಡಿಗ್ರಿ ಇರ್ತದ, ಪ್ಲಾಸ್ಟಿಕ್ ಅದಕ್ಕಿಂತ ಜಾಸ್ತಿ ಕಾಯ್ತದ. ಶೆಲ್ ಸೊಟ್ಟಾಗ್ತದ, ಒಳಗಿನ ಫೆಲ್ಟ್ ಪ್ಯಾಡಿನ ಅಂಟು ಬಿಡ್ತದ. ಆ ಪ್ಯಾಡ್ ಬಿದ್ರ ಟೇಪು ದನಿ ಓದೋ ಹೆಡ್ಡಿಗಿ ಹತ್ತಂಗಿಲ್ಲ, ದನಿ ಮಬ್ಬಾಗಿ ಹೋಗ್ತದ.

ಮುತ್ಯಾನ ಆ ಹಸರು ಚೀಟಿ ಸಿ-90, ಅಂದ್ರ ತೊಂಬತ್ತು ನಿಮಿಷದ ಕ್ಯಾಸೆಟ್, ಏನಾತು ಅಂತ ಎಲ್ಲಾರಿಗೂ ಗೊತ್ತದಲ್ಲ? ಸಣ್ಣವ್ರಿಗಿ ಗೊತ್ತಿರ್ಲಿಕ್ಕಿಲ್ಲ, ಹೇಳ್ತೀನಿ. ಶನಿವಾರ ರಾತ್ರಿ ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಾಗ ಮಲ್ಲಿಕಾರ್ಜುನ ಮನಸೂರ ಅವ್ರು ಹಾಡಿದ್ದು, ಮುತ್ಯಾ ರೇಡಿಯೋದಿಂದ ಹಿಡಿದು ಇಟ್ಟಿದ್ದ. ಅದಕ್ಕೂ ಹಿಂಗೇ ಫಂಗಸ್. "ಸಂಜಿತನ ಸಿಡಿ ಮಾಡಿ ಕೊಡ್ತೀನ್ರಿ" ಅಂದ ಅಂಗಡಿಯವ, ಹೆಸರು ಬ್ಯಾಡ ಬಿಡು, ಒರಸ್ಲಿಲ್ಲ, ಬಿಚ್ಚಿ ನೋಡ್ಲಿಲ್ಲ, ಸೀದಾ ಡೆಕ್ಕಿಗಿ, ಅಂದ್ರ ಕ್ಯಾಸೆಟ್ ಹಚ್ಚೋ ಮಷೀನಿಗಿ, ಹಾಕ್ದ. ಫಂಗಸ್ ಹಿಡದ ಟೇಪಿನ ಸುತ್ತು ಒಂದಕ್ಕೊಂದು ಅಂಟಿರ್ತಾವ, ಶೆಲ್ಲಿನ್ಯಾಗ ಚಕ್ರ ಬಿಗಿ ತಿರಗ್ತದ. ಡೆಕ್ಕಿನ ರಬ್ಬರ್ ರೋಲರ್ ಮಾತ್ರ ತನ್ನ ಪಾಡಿಗಿ ಸೆಕೆಂಡಿಗಿ 4.76 ಸೆಂಟಿಮೀಟರ್ ಟೇಪ್ ಮುಂದ ತಳ್ತಾನೇ ಇರ್ತದ. ಆ ಕಡೆ ಸುತ್ಕೊಳ್ಳೋ ಚಕ್ರ ನಿಂತ್ರ ಟೇಪ್ ಎಲ್ಲಿ ಹೋಗ್ಬೇಕು? ರೋಲರಿಗೇ ಸುತ್ತಿತು. ಅವ ಕೈಯಿಂದ ಜಗ್ಗಿದ. ಸಿ-90ದ ಟೇಪು ಸಿ-60ಗಿಂತ ತೆಳ್ಳಗ, 12 ಮೈಕ್ರಾನ್ ಆಸುಪಾಸು ಅಷ್ಟೇ. ಜಗ್ಗಿದ್ರ ಹಿಗ್ತದ, ಹಿಗ್ಗಿದ್ದು ತಿರಗಿ ಕುಗ್ಗಂಗಿಲ್ಲ. ಕಡೀಗಿ ಮುದುಡಿದ್ದೆಲ್ಲಾ ಕತ್ತರಿಸಿ ಒಗದು, ಆಫೀಸಿನ್ಯಾಗ ಲಕೋಟೆಗಿ ಹಚ್ಚೋ ಸೆಲ್ಲೋಟೇಪಿಲೆ ಜೋಡಿಸಿ ಕೊಟ್ಟ! ಅದರ ಅಂಟು ಅಂಚಿಗಿ ಹೊರಗ ಬಂದು ಮ್ಯಾಲಿನ ಸುತ್ತಿಗೂ ಹತ್ತಿತು, ಹೆಡ್ಡಿಗೂ ಹತ್ತಿತು.

ಒಗದದ್ದು ಮೂರು ಮೀಟರ್. ಅದೇನು ಮಹಾ ಅಂತೀರಿ. ಒಂದು ಮೀಟರ್ ಅಂದ್ರ ಇಪ್ಪತ್ತೊಂದು ಸೆಕೆಂಡು, ಮೂರು ಮೀಟರಿಗಿ ಒಂದು ನಿಮಿಷ ಗಾನ ಹೋತು. ಭೀಮಸೇನ ಜೋಶಿಯವ್ರ ವಿಲಂಬಿತದಾಗ, ಅಂದ್ರ ನಿಧಾನ ಲಯದ ಗಾನದಾಗ, ಒಂದು ನಿಮಿಷ ಹೋದ್ರ ಒಂದು ಆವರ್ತ, ಅಂದ್ರ ತಾಳದ ಒಂದು ಸುತ್ತು ಹೋತು, ರಾಗ ಎಲ್ಲಿ ತನಕ ಬಂತು ಅಂತ ತಿಳೀತದ, ಅವ್ರು ಒಂದೊಂದೇ ಸ್ವರ ಹಿಡದು ನಿಧಾನ ಏರ್ತಾರ. ಮನಸೂರ ಅವ್ರದು ಹಂಗಲ್ಲ. ಮಂಜಿ ಖಾನರು, ಭುರ್ಜಿ ಖಾನರು ಕಲಿಸಿದ ಜೈಪುರ-ಅತ್ರೌಲಿ ಘರಾಣೆಯ ಹಾಡೋ ರೀತಿ, ನಡುಲಯದ ತೀನತಾಲ (ಹದಿನಾರು ಮಾತ್ರೆಯ ತಾಳ), ಆಲಾಪದಾಗೇ ತಾನ, ಅಂದ್ರ ಸ್ವರಗಳ ಜೋರು ಓಟ, ಹೆಣಕೊಂಡು ಬರ್ತದ. ಪ್ರತಿ ಸಮ್ಮಿಗೂ, ಅಂದ್ರ ತಾಳದ ಮೊದಲ ಪೆಟ್ಟಿಗೂ, ಹೊಸಾ ದಾರಿಯಿಂದ ಬರ್ತಾರ. ಒಂದು ನಿಮಿಷದಾಗ ನಾಕು ಸರ್ತಿ ಸಮ್ಮಿಗಿ ಬಂದಿರ್ತಾರ, ಆ ನಾಕೂ ಹೋದ್ವು.

ಅದಕ್ಕ ಮತ್ತೊಮ್ಮಿ ಹೇಳ್ತೀನಿ, ಫಂಗಸ್ ಇರೋ ಕ್ಯಾಸೆಟ್ ಹಚ್ಚಬ್ಯಾಡ. ಒಂದು ಕ್ಯಾಸೆಟ್ ಹಾಳಾಗೋ ಮಾತಷ್ಟೇ ಅಲ್ಲದು. ಆ ಪುಡಿ ಹೆಡ್ಡು, ರೋಲರಿಗಿ ಹತ್ತಿ, ಹಿಂದಿಂದ ಹಾಕಿದ ಚೊಲೊ ಕ್ಯಾಸೆಟ್ಟಿಗೂ ಹೋಗ್ತದ.

ಆದ್ರ ಈಗಿನ ಮಂದಿಗಿ ಒಂದು ನಿಮಿಷದ ಬೆಲಿ ಎಲ್ಲದ? ಇದೇ ಗ್ರೂಪಿನ್ಯಾಗ ನೋಡ್ರಿ, ಗುಡ್ ಮಾರ್ನಿಂಗ್ ಹೂವಿನ ಜೋಡಿ ಮೂವತ್ತು ಸೆಕೆಂಡ್ ತಾನಿನ ತುಂಡು ಹಾಕ್ತಾರ, ಬಂದಿಶ್ (ಹಾಡಿನ ರಚನೆ) ಇಲ್ಲ, ಸಮ್ ಎಲ್ಲಿ ಬಿತ್ತು ಗೊತ್ತಿಲ್ಲ. ಸಂಪೂರ್ಣ ಮಾಲಕಂಸ ರಾಗಕ್ಕ ಬರೇ ಮಾಲಕಂಸ ಅಂತ ಹೆಸರು. ಅಲ್ಲಪಾ, ಬರೇ ಮಾಲಕಂಸಿನ್ಯಾಗ ಇಲ್ಲದ ರಿಷಭ ಪಂಚಮ ಕಿವಿಗಿ ಬೀಳ್ಲಿಲ್ಲೇನು? ಮತ್ತೊಬ್ರು ಗಂಗೂಬಾಯಿ ಹಾನಗಲ್ಲರ ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟಿ ಹಾಕಿ, "ದನಿ ಸಣ್ಣಗ ಕೇಳ್ಲತ್ತದ, ಸ್ಪೀಡ್ ತಪ್ಪದ, ನಾ ಸರಿ ಮಾಡೀನಿ" ಅಂತ ನಿಧಾನ ಮಾಡಿ ಹಾಕ್ಯಾರ. ಸ್ಪೀಡ್ ಸರೀನೇ ಇತ್ರಿ. ಬಾಯಿಯವ್ರ ಮೊದಲಿನ ದನಿ ಸಣ್ಣದೇ ಇತ್ತು, ಗಂಟಲ ಚಿಕಿತ್ಸಾ ಆದ ಮ್ಯಾಲ ಆ ಗಂಭೀರ ದನಿ ಬಂದದ್ದು. ಎರಡೂ ಅವ್ರವೇ.

ಇನ್ನ ಈ "ನಾಯ್ಸ್ ತಗದೀನಿ" ಅನ್ನೋರು. ಸಾಫ್ಟ್‌ವೇರಿಗಿ ಏನು ತಿಳೀತದ? ಒಂದೇ ಸವನ ಬರೋ ಸಪ್ಪಳೆಲ್ಲಾ ಕಸ ಅಂತ ತಿಳ್ಕೋತದ. ಗಾನದಾಗ ಒಂದೇ ಸವನ ಬರೋದು ಯಾವದು? ತಂಬೂರಿ! ಟೇಪಿನ ಹಿಸ್ ಸಪ್ಪಳದ ಸಂಗಡ ತಂಬೂರಿ ತಂತಿಯ ಝೇಂಕಾರನೂ (ಜವಾರಿ) ತಿಂದು ಹಾಕ್ತದ. ಹಾಡೋರು ಬಕೇಟಿನ್ಯಾಗ ಕುಂತು ಹಾಡಿದಂಗ ಕೇಳಸ್ತದ. ಹೇಳಿದ್ರ ಕಾಕಾಗ ವಯಸ್ಸಾತು ಅಂತೀರಿ.

ಹಾಂ, ಅದಿರ್ಲಿ, ನೀ ಏನ್ ಮಾಡ್ಬೇಕು ಅನ್ನೋದೇ ಉಳೀತು ನೋಡು. ಎಲ್ಲಾ ಕ್ಯಾಸೆಟ್ಟಿಗೂ ಬಡದಾಡಬ್ಯಾಡ. ಮೊದ್ಲ ಎರಡು ಪಾಲು ಮಾಡು. ಎಚ್‌ಎಂವಿ ಅಂತ ಅಚ್ಚು ಹಾಕಿದ ಕಂಪನಿ ಕ್ಯಾಸೆಟ್ ಒಂದು ಕಡಿ. ಅವುಗಳದಾಗ ಭಾಳಷ್ಟು ಈಗ ಮೊಬೈಲಿನ್ಯಾಗೇ ಸಿಗ್ತಾವ, ನಿಮ್ಮ ಕ್ಯಾಸೆಟ್ಟಿಗಿಂತ ಸ್ವಚ್ಛ ಕೇಳಸ್ತಾವ. ಮುತ್ಯಾನ ಕೈಬರಹದ ಚೀಟಿ ಇದ್ದವು ಇನ್ನೊಂದು ಕಡಿ. ಜಗತ್ತಿನ್ಯಾಗ ಅದೊಂದೇ ಪ್ರತಿ, ಖಟಪಟಿ ಅದಕ್ಕಷ್ಟೇ ಮಾಡು.

ಅವನ್ನ ಸ್ಟೀಲಿನ ಡಬ್ಬ್ಯಾಗ ತೇವ ಹೀರೋ ಸಿಲಿಕಾ ಜೆಲ್ ಪುಡಿಕಿ ಹಾಕಿ, ಮುಚ್ಚಳ ಬಿಗಿ ಮಾಡಿ ಒಂದು ವಾರ ನೆರಳಾಗ ಇಡು. ಹತ್ತು ಕ್ಯಾಸೆಟ್ಟಿಗಿ ನೂರು ಗ್ರಾಂ ಸಾಕು. ಹಸಿ ಫಂಗಸ್ ಒರಸಿದ್ರ ಬಳಕೋತದ, ಒಣಗಿದ್ದು ಉದರ್ತದ. ಆಮ್ಯಾಲ ಹಿಂದಿನ ಅಂಚಿನ ಎರಡೂ ಪ್ಲಾಸ್ಟಿಕ್ ಚಿಪ್ಪು ಮುರದು ಹಾಕು, ಯಾರರೆ ತಪ್ಪಿ ರೆಕಾರ್ಡ್ ಒತ್ತಿದ್ರೂ ಅಳಸಂಗಿಲ್ಲ. ಮೂಗಿಗಿ ಮಾಸ್ಕ್ ಹಾಕ್ಕೊಂಡು ಹೊರಗ ಕಟ್ಟಿಮ್ಯಾಲ ಕುಂಡ್ರು, ನಿನಗ ದಮ್ಮಿನ ತ್ರಾಸ ಅದ, ನೀ ಮಾಡ್ಬ್ಯಾಡ, ನಿನ್ನ ತಮ್ಮಗ ಹಚ್ಚು. ಐದು ಸ್ಕ್ರೂ ಇರ್ತಾವ. ಬಿಚ್ಚೂದಕ್ಕ ಮೊದ್ಲ ಅಲ್ಲ, ಮ್ಯಾಲಿನ ಅರ್ಧ ಎತ್ತಿದ ಕೂಡ್ಲೇ ಒಂದು ಫೋಟೋ ಹೊಡಕೊ. ಎರಡು ಮೂಲ್ಯಾಗಿನ ಸಣ್ಣ ರೋಲರ್, ಅವುಗಳ ಸೂಜಿ, ಪ್ಯಾಡಿನ ಪತ್ತಿ ಎಲ್ಲಿದ್ವು ಅಂತ ಆಮ್ಯಾಲ ನೆನಪಿರಂಗಿಲ್ಲ. ಮೆತ್ತನ ಪೇಂಟಿಂಗ್ ಬ್ರಶ್ಶಿಲೆ ಸುತ್ತಿನ ಅಂಚು ಎರಡೂ ಬದಿ ಉದರಸು. ನೀರು ಬ್ಯಾಡ, ಸ್ಯಾನಿಟೈಸರ್ ಬ್ಯಾಡ. ಸ್ಕ್ರೂ ಇರೋ ಒಂದು ಹೊಸಾ ಖಾಲಿ ಕ್ಯಾಸೆಟ್ ಬಿಚ್ಚಿ, ಆ ಶೆಲ್ಲಿಗಿ ನಮ್ಮ ಎರಡೂ ಚಕ್ರ ಕುಂಡ್ರಸು, ಅದರ ಚಿಪ್ಪೂ ಮುರದು ಹಾಕು. ಪೆನ್ಸಿಲಿಲೆ ಕೈಯಾಗ ತಿರಗಿಸಿ ನೋಡು, ಬಿಗಿ ಇಲ್ಲಂದ್ರ ಮಾತ್ರ ಡೆಕ್ಕು.

ಡೆಕ್ಕಿನ ಹೆಡ್ಡು ಪ್ರತಿ ಕ್ಯಾಸೆಟ್ ಆದ ಮ್ಯಾಲ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ಲೆ ಒರಸ್ಬೇಕು, ಮೊಬೈಲ್ ರಿಪೇರಿ ಸಾಮಾನು ಮಾರೋರ ಹಂತ್ಯಾಕ ಸಿಗ್ತದ. ಹಳೇ ಬೆಲ್ಟ್ ಇದ್ರ ಮೊದ್ಲ ಬದಲಸು. ಹಳೇ ಬೆಲ್ಟಿಲೆ ಸ್ಪೀಡ್ ತಪ್ತದ, ಆರು ಪರ್ಸೆಂಟ್ ಇಳದ್ರ ಹಾರ್ಮೋನಿಯಂ ಕಪ್ಪು ಒಂದರ ಷಡ್ಜ ಬಿಳಿ ಒಂದಕ್ಕ ಹೋಗ್ತದ. ಲೈನ್-ಔಟ್‌ದಿಂದ ಕಂಪ್ಯೂಟರ್ ಲೈನ್-ಇನ್‌ಗಿ ವೈರ್ ಹಾಕು, ಮೈಕಿಗಿ ಹಾಕಬ್ಯಾಡ. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲು. ಜೋರು ತಾನ ಬಂದಾಗ ಮೀಟರ್ ಮೈನಸ್ ಆರು ಡೆಸಿಬೆಲ್ ದಾಟಬಾರ್ದು. ಡಾಲ್ಬಿ (ಹಿಸ್ ಕಮ್ಮಿ ಮಾಡೋ ಬಟನ್) ಬಂದ್ ಇರ್ಲಿ, ಮುತ್ಯಾನ ಟೇಪ್ ರೆಕಾರ್ಡರಿಗಿ ಡಾಲ್ಬಿ ಇರಲೇ ಇಲ್ಲ.

ಸಿ-90 ಒಂದಕ್ಕ ಒಂದೂವರಿ ಜಿಬಿ ಆಗ್ತದ. ಗ್ರೂಪಿಗಿ ಹಾಕೋದಿದ್ರ ಡಾಕ್ಯುಮೆಂಟ್ ಅಂತ ಹಾಕು. ಕೈಬರಹದ ಚೀಟಿ ಫೋಟೋ ಹೊಡದು ಇವತ್ತ ಸಂಜೀಕೇ ಕಳಸು, ಯಾವದು ಮೊದ್ಲ ಮಾಡ್ಬೇಕು ಹೇಳ್ತೀನಿ.